ನೀಲತ್ತಿ ಗಾಳಿ ನೋಡಿ ಕಳಿಸುತ್ತಿದ್ದಳು

ಟ್ಯೂಬಿನೊಳಗೆ ಬಹಳ ದಿನ ಕೂತ ಗಾಳಿಗೆ ತನ್ನದೇ ಒಂದು ವಾಸನೆ ಇರುತ್ತದೆ. ರಬ್ಬರಿನದು ಇದ್ದೇ ಇರುತ್ತದೆ, ಅದರ ಹಿಂದೆ ಮಳೆಗಾಲವೆಲ್ಲ ಮುಚ್ಚಿಟ್ಟ ಕೋಣೆಯ ಬಾಗಿಲು ತೆರೆದಾಗ ಬರುವಂಥ ಒಂದು ಮುಗ್ಗಲು. ಹೋದ ತಿಂಗಳು ಗದಗಿನಲ್ಲಿ, ಮುಂಡರಗಿ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ, ನಾನು ಕೂತಿದ್ದ ಆಟೋ ನಿಂತಿತ್ತು. ಪಕ್ಕದಲ್ಲಿ ಒಬ್ಬಾತ ತನ್ನ ಮೋಟಾರ್ ಸೈಕಲ್ಲಿಗೆ ಗಾಳಿ ಚೆಕ್ ಮಾಡಿಸುತ್ತಿದ್ದ. ಗೋಡೆಗೆ ಬಿಗಿದ ಡಬ್ಬಿಯಲ್ಲಿ ಕೆಂಪು ಅಂಕಿಗಳು ಓಡಿದವು, ಡಬ್ಬಿ ಕುಂಯ್ ಅಂತು, ಆತ ಮೊಬೈಲಿನಿಂದ ತಲೆ ಎತ್ತದೆ ಗಾಡಿ ಹತ್ತಿ ಹೊರಟೇಹೋದ. ಪೈಪು ಕೀಳುವಾಗ ಛುಸ್ ಎಂದು ಹೊರಬಿದ್ದ ಒಂದು ಗುಟುಕು ಗಾಳಿ ಮಾತ್ರ ಆಟೋದೊಳಗೆ ಬಂದು ನನ್ನ ಮೂಗಿಗೆ ತಾಕಿತು. ಟು ಬಿ ಫ್ರ್ಯಾಂಕ್, ಈ ವಯಸ್ಸಿನಲ್ಲಿ ನನಗೆ ಮುಂಜಾನೆ ತಿಂದದ್ದು ಮಧ್ಯಾಹ್ನ ನೆನಪಿರುವುದಿಲ್ಲ. ಆದರೆ ಆ ಒಂದು ಗುಟುಕಿಗೆ ಬೆಟಗೇರಿಯ ನಮ್ಮ ಮನೆಯ ಕಟ್ಟೆ ಬಂತು, ಕಟ್ಟೆಯ ಕೆಳಗೆ ಸ್ಟ್ಯಾಂಡ್ ಹಾಕಿ ನಿಂತ ಅಪ್ಪನ ಫಟಫಟಿ ಬಂತು, ಅದರ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ನೀಲತ್ತಿ ಬಂದಳು. ಆಟೋದವನು "ಎಲ್ಲಿಗೆ ಅಂದ್ರಿ ಅಮ್ಮಾರ?" ಎಂದು ಎರಡು ಸಲ ಕೇಳಿದನಂತೆ. ನಾನು ಬೆಟಗೇರಿಯಲ್ಲಿದ್ದೆ, ಅವನಿಗೆ ಏನೆಂದು ಹೇಳಲಿ?

ಆ ಮನೆ ಈಗಿಲ್ಲ. ಇದ್ದಾಗ ಅದಕ್ಕೆ ಹತ್ತಿಯ ವಾಸನೆ ಇತ್ತು, ಹತ್ತಿಕಾಳಿನ ಎಣ್ಣೆ ಎಣ್ಣೆಯಾದ ವಾಸನೆ. ನಮ್ಮದು ಅಡತಿ ವ್ಯಾಪಾರ. ರೈತರು ತಂದ ಹತ್ತಿಯನ್ನು, ಶೇಂಗಾವನ್ನು ಮಾರಿಸಿಕೊಡುವ ಅಂಗಡಿ ಮುತ್ಯಾನ, ಅಂದರೆ ಅಪ್ಪನ ಅಪ್ಪನ, ಕಾಲದಿಂದ ಬಂದದ್ದು. ಮುತ್ಯಾ ತೀರಿದ ಮೇಲೆ ಅಪ್ಪ ನಡೆಸುತ್ತಿದ್ದ. ಸುಗ್ಗಿಯ ದಿನಗಳಲ್ಲಿ ಅಂಗಡಿಯಿಂದ ಬಂದ ಅಪ್ಪನ ಹುಬ್ಬಿನ ಮೇಲೆ ಹತ್ತಿಯ ಎಳೆ ಅಂಟಿಕೊಂಡು ಬೆಳ್ಳಗಾಗಿರುತ್ತಿತ್ತು, ಅವ್ವ ಸೆರಗಿನಿಂದ ಅದನ್ನು ಒರೆಸಿಯೇ ತಾಟಿನ ಮುಂದೆ ಕೂಡಿಸುತ್ತಿದ್ದಳು. ಹಿಂದಿನ ಓಣಿಯಲ್ಲಿ ಮಗ್ಗಗಳ ಸಪ್ಪಳ. ಅದು ನಿಂತರೆ ಮಾತ್ರ ನಮಗೆ ಕೇಳುತ್ತಿತ್ತು, ಅಷ್ಟು ರೂಢಿಯಾಗಿತ್ತು. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಹೋಗಿ ನೋಡಿ ಬರಬೇಕು ಎಂಬುದು ಅಪ್ಪನ ಹಟ. ಅದಕ್ಕಾಗಿಯೇ ಶಿರಹಟ್ಟಿ ಕಡೆ, ಮುಂಡರಗಿ ಕಡೆ, ಹಿರೇಹಂದಿಗೋಳದ ಎರಿಹೊಲಗಳ ಕಡೆ ತಿರುಗಲು, ಬೇರೆ ಊರಿಗೆ ವರ್ಗವಾಗಿ ಹೋಗುತ್ತಿದ್ದ ಒಬ್ಬ ಸರ್ವೇ ಸಾಹೇಬನಿಂದ ಕರಿ ಫಟಫಟಿಯೊಂದನ್ನು ಕೊಂಡಿದ್ದ. ಆನೆಯ ಹಾಗೆ ಭಾರ, ಕೋಣದ ಹಾಗೆ ಮೊಂಡು. ದಾರಿಯ ತುಂಬ ಜಾಲಿಮುಳ್ಳು. ನಡುದಾರಿಯಲ್ಲಿ ಗಾಳಿ ಹೋದರೆ ಕರಿಮಣ್ಣಿನ ಆ ಬಯಲಿನಲ್ಲಿ ಕೇಳುವವರಿಲ್ಲ. ಆದ್ದರಿಂದ ಹೊರಡುವ ಮೊದಲು, ಗಾಲಿ ಇನ್ನೂ ತಣ್ಣಗಿರುವಾಗಲೇ, ಗಾಳಿ ಎಷ್ಟಿದೆ ನೋಡಲೇಬೇಕು. ಅದಕ್ಕೆಂದು ಆ ಸಾಹೇಬ ಗಾಡಿಯ ಜೊತೆ ಹಿತ್ತಾಳೆಯದೊಂದು ಗೇಜು ಕೊಟ್ಟಿದ್ದ. ಪೆನ್ನಿನಷ್ಟು ಉದ್ದ. ಟ್ಯೂಬಿಗೆ ಗಾಳಿ ತುಂಬುವ ವಾಲಿನ ಬಾಯಿಗೆ ನೆಟ್ಟಗೆ ಒತ್ತಿದರೆ ಅದರ ಇನ್ನೊಂದು ತುದಿಯಿಂದ ಅಂಕಿ ಬರೆದ ಕಡ್ಡಿ ಚಂಗನೆ ಹೊರಬರುತ್ತಿತ್ತು. ನಮ್ಮ ಮನೆಯಲ್ಲಿ ಅದರ ಹೆಸರು ಗಾಳಿಪೆನ್ನು.

ನೀಲತ್ತಿ ಅಪ್ಪನ ಅಕ್ಕ. ನೀಲವ್ವ ಎಂಬ ಅತ್ತಿ ನಮ್ಮ ಬಾಯಲ್ಲಿ ನೀಲತ್ತಿಯಾಗಿದ್ದಳು. ಕೋಟುಮಚಗಿಗೆ ಕೊಟ್ಟಿದ್ದರು. ಮದುವೆಯ ಬಳೆಯ ಬಣ್ಣ ಮಾಸುವ ಮೊದಲೇ ಜ್ವರದಲ್ಲಿ ಗಂಡ ಹೋದ, ಒಂದು ಟ್ರಂಕು ಹಿಡಿದು ತವರಿಗೆ ಬಂದವಳು ಇಲ್ಲಿಯೇ ಉಳಿದಳು. ನಾನು ಕಂಡ ದಿನದಿಂದ ಅವಳ ಹಣೆಯ ಮೇಲೆ ವಿಭೂತಿ ಮಾತ್ರ. ಉಡುತ್ತಿದ್ದುದು ಬೂದಿಬಣ್ಣದ ಇಲಕಲ್ ಸೀರೆ. ಅವಳನ್ನು ಯಾರೂ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಊಟಕ್ಕೆ ಕಡಿಮೆ ಮಾಡುತ್ತಿರಲಿಲ್ಲ. ಆದರೆ ಯಾರಾದರೂ ಊರಿಗೆ ಹೊರಟರೆ ಅವಳು ಹಿತ್ತಲಿಗೆ ಸರಿಯುತ್ತಿದ್ದಳು. ಹೊರಡುವವರಿಗೆ ಅವಳು ಎದುರಾಗಬಾರದು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುವಷ್ಟು ಸಹಜವಾಗಿ ಅದು ನಡೆಯುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬೇಕು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡರೆ ಹಿತ್ತಲ ಬಾಗಿಲಲ್ಲಿ ಅವಳ ಸೆರಗಿನ ತುದಿಯಾದರೂ ಕಂಡೀತು.

ಫಟಫಟಿ ಮನೆಗೆ ಬಂದ ಹೊಸತರಲ್ಲಿ ಒಂದು ಮುಂಜಾನೆ ಅಪ್ಪ ಕಟ್ಟೆಯ ಮೇಲೆ ನಿಂತು ಒಳಗೆ ಕೂಗಿದನಂತೆ. "ಅಕ್ಕಾ, ನನ್ನ ಧೋತರ ಈಗ ಇಸ್ತ್ರಿ ಮಾಡಿದ್ದೈತಿ. ನೆಲಕ್ಕ ಕುಂತ್ರ ರಾಡಿ ಆಕ್ಕೈತಿ. ಒಂದೀಟ ಬಂದ ಗಾಳಿ ನೋಡು." ನೀಲತ್ತಿ ಮೊದಲು ಬರಲೇ ಇಲ್ಲ. ಆಯಿ, ಅಂದರೆ ಅಪ್ಪನ ಅವ್ವ, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವಳು ತಲೆ ಎತ್ತಿ ಮಗನ ಮುಖ ನೋಡಿದಳು, ಸುಮ್ಮನೆ ಮತ್ತೆ ಎಲೆಗೆ ಸುಣ್ಣ ಸವರಿದಳು. ಅಪ್ಪ ಮತ್ತೆ ಕೂಗಿದ, ಮತ್ತೆ ಕೂಗಿದ. ಕೊನೆಗೆ ಅವಳು ಬಂದಳು. ಮರುದಿನವೂ ಅಪ್ಪನ ಧೋತರ ಇಸ್ತ್ರಿ ಮಾಡಿದ್ದೇ ಆಗಿತ್ತು. ಅದರ ಮರುದಿನವೂ. ಅವ್ವ ಇದನ್ನು ಹೇಳುವಾಗಲೆಲ್ಲ ನಗುತ್ತಿದ್ದಳು, ಏಕೆಂದರೆ ಅದೇ ಧೋತರ ಉಟ್ಟು ಅಪ್ಪ ಹೊಲದ ಬದುವಿನ ಮೇಲೆ ಕೂತು ರೈತರ ಜೊತೆ ಬುತ್ತಿ ಉಣ್ಣುತ್ತಿದ್ದ. ಮಣ್ಣಿಗೆ ಹೆದರುವ ಮನುಷ್ಯ ಅವನಲ್ಲ. ನೀಲತ್ತಿಯನ್ನು ಹಿತ್ತಲಿನಿಂದ ಮುಂಬಾಗಿಲಿಗೆ ಕರೆಸಲು ಅವನಿಗೆ ಬೇರೆ ದಾರಿ ಹೊಳೆದಿರಲಿಲ್ಲ ಎಂದು ನನಗೆ ಅರ್ಥವಾಗುವ ಹೊತ್ತಿಗೆ ಅವನನ್ನು ಕೇಳಿ ಖಚಿತ ಮಾಡಿಕೊಳ್ಳುವ ಕಾಲ ಮುಗಿದಿತ್ತು.

ಹೀಗೆ ಅದೊಂದು ಪದ್ಧತಿಯಾಯಿತು. ನಾನು ಹುಟ್ಟಿ ತಿಳಿವಳಿಕೆ ಬರುವಷ್ಟರಲ್ಲಿ ನಮ್ಮ ಮನೆಯ ದಿನ ಶುರುವಾಗುತ್ತಿದ್ದುದೇ ಆ ಛುಸ್ ಸಪ್ಪಳದಿಂದ. ನೀಲತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವಾಲಿನ ಪುಟ್ಟ ಟೊಪ್ಪಿಗೆ ತಿರುವಿ ತೆಗೆದು, ಕಳೆದೀತೆಂದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವಳು. ಮೊದಲು ಹೆಬ್ಬೆರಳಿನಿಂದ ಟೈರನ್ನು ಒತ್ತಿ, ಹಿಟ್ಟಿನ ಹದ ನೋಡಿದ ಹಾಗೆ ನೋಡಿ, "ಒಂದೀಟ ಕಡಿಮಿ ಐತಿ" ಎನ್ನುವಳು. ಆಮೇಲೆ ಪೆನ್ನು ಒತ್ತುವಳು. ಅವಳ ಹೆಬ್ಬೆರಳು ಹೇಳಿದ್ದನ್ನೇ ಬಹಳ ಸಲ ಪೆನ್ನೂ ಹೇಳುತ್ತಿತ್ತು, ಹೇಳದಿದ್ದರೆ ಅವಳು ಪೆನ್ನನ್ನೇ ಗುಮಾನಿಯಿಂದ ನೋಡುತ್ತಿದ್ದಳು. ಮುಂದಿನ ಗಾಲಿಗೆ ಹದಿನೆಂಟು, ಹಿಂದಿನದಕ್ಕೆ ಇಪ್ಪತ್ತೆರಡು. ಹಿಂದೆ ಯಾರಾದರೂ ಕೂತರೆ ಇನ್ನಷ್ಟು. ಕಡಿಮೆಯಾದರೆ ಪಂಪು ಹೊಡೆಯುವಳು, ಹೆಚ್ಚಾದರೆ ಉಗುರಿನ ತುದಿಯಿಂದ ಒಂದೊಂದೇ ಗುಟುಕು ಬಿಡುವಳು. ಕೊನೆಗೆ ವಾಲಿನ ಬಾಯಿಗೆ ಬೆರಳಿನಿಂದ ಸ್ವಲ್ಪ ಉಗುಳು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವಳು. ಗುಳ್ಳೆ ಏಳಲಿಲ್ಲ ಎಂದರೆ ಗಾಲಿಗೆ ಒಂದು ಏಟು ಕೊಟ್ಟು "ನಡಿ" ಎನ್ನುವಳು, ಎತ್ತಿಗೆ ಹೇಳಿದ ಹಾಗೆ. ಅಪ್ಪ ಕಿಕ್ ಹೊಡೆಯುವಷ್ಟರಲ್ಲಿ ಎದ್ದು ಒಳಗೆ ಹೋಗಿಬಿಡುವಳು. ಗಾಳಿ ನೋಡುವುದು ಬೇರೆ, ಹೊರಟವನಿಗೆ ಎದುರು ನಿಲ್ಲುವುದು ಬೇರೆ. ಅಷ್ಟು ಗೆರೆಯನ್ನು ಅವಳೇ ಇಟ್ಟುಕೊಂಡಿದ್ದಳು.

ಓಣಿಯವರಿಗೆ ಇದೊಂದು ದೊಡ್ಡ ಮೋಜು. ನೀರಿಗೆ ಹೊರಟ ಎದುರುಮನೆಯ ಬಸವ್ವ ಕೊಡ ಸೊಂಟದ ಮೇಲಿಟ್ಟುಕೊಂಡೇ ನಿಂತು, "ಏನಬೇ ನೀಲವ್ವ, ಕರಿ ಎಮ್ಮಿ ಇವತ್ತ ಎಷ್ಟ ಹಾಲ ಕೊಟ್ಟೈತಿ?" ಎನ್ನುವಳು. ನೀಲತ್ತಿ ತಲೆ ಎತ್ತದೆ, "ಇಪ್ಪತ್ತೆರಡು ಸೇರ. ನಿಮ್ಮನಿ ಎಮ್ಮಿ ಒದಿಯೂದರಾಗ ಮುಂದ, ಇದು ಹಂಗಲ್ಲವಾ" ಎಂದು ತಿರುಗಿ ಕೊಡುವಳು. ಅವಳು ಕನ್ನಡ ನಾಲ್ಕನೇ ಇಯತ್ತೆಯವರೆಗೆ ಓದಿದ್ದಳು, ಗಾಳಿಪೆನ್ನಿನ ಮೇಲಿದ್ದವು ಇಂಗ್ಲಿಷ್ ಅಂಕಿಗಳು. ಅಪ್ಪನಿಂದ ಅವನ್ನು ಕಲಿತಳು. ಅವಳ ಮೊಣಕಾಲಿಗೆ ಆತುಕೊಂಡು ಕೂತು ನಾನೂ ಕಲಿತೆ. ಅವಳು ಕನ್ನಡದಲ್ಲಿ ಹೇಳಿದ್ದನ್ನು ಅಪ್ಪ ಕಟ್ಟೆಯ ಮೇಲಿಂದ ಠೀವಿಯಿಂದ "ಏಟೀನ್! ಟ್ವೆಂಟಿ ಟೂ!" ಎಂದು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ನನ್ನ ಇಂಗ್ಲಿಷಿನ ಫಸ್ಟ್ ಲೆಸನ್ ಅದೇ.

ನಾನು ಎಂಟು ವರ್ಷದವಳಾದಾಗ ಅಪ್ಪ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿಗೆ ಹಾಕುವುದೆಂದು ನಿರ್ಧರಿಸಿದ. ಅಲ್ಲಿಯ ಬೋರ್ಡಿಂಗಿನಲ್ಲಿ ಒಂದೇ ಜಾಗ ಉಳಿದಿದೆ, ಸೋಮವಾರ ಮಧ್ಯಾಹ್ನದ ಊಟದ ಗಂಟೆ ಹೊಡೆಯುವುದರೊಳಗೆ ಹುಡುಗಿಯನ್ನು ಕರೆತಂದು ತೋರಿಸಿದರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಮದರ್ ತಿಳಿಸಿದ್ದರು. ಮನೆಯಲ್ಲಿ ಇದಕ್ಕೆ ಎಲ್ಲರಿಗಿಂತ ಹಿಗ್ಗಿದವಳು ನೀಲತ್ತಿ. ತಾನು ಬಿಟ್ಟ ನಾಲ್ಕನೇ ಇಯತ್ತೆಯ ಮುಂದೆ ಏನಿದೆ ಎಂದು ನನ್ನನ್ನು ಕಳಿಸಿ ನೋಡಿಸುವವಳ ಹಾಗೆ ನನ್ನ ಫ್ರಾಕಿಗೆ ಗುಂಡಿ ಹಚ್ಚಿದಳು, ನನ್ನ ಹೆಸರನ್ನು ಟ್ರಂಕಿನ ಮೇಲೆ ತಾನೇ ಬರೆದಳು. ಆದರೆ ಹಿಂದಿನ ದಿನ ಲಕ್ಷ್ಮೇಶ್ವರದಿಂದ ದೊಡ್ಡ ಮುತ್ಯಾ ಬಂದಿಳಿದ. ತೀರಿಹೋದ ನಮ್ಮ ಮುತ್ಯಾನ ಅಣ್ಣ, ಮನೆತನದ ಹಿರಿಯ. ಅವನ ಮಾತಿಗೆ ಎದುರು ಮಾತಿಲ್ಲ. ಕೆಟ್ಟವನಲ್ಲ, ಬರುವಾಗಲೆಲ್ಲ ನಮಗೆ ಲಾಡು ತರುತ್ತಿದ್ದ. ಸೋಮವಾರ ಮುಂಜಾನೆ ರೈಲಿಗೆ ಹೊರಡಬೇಕೆಂದರೆ ರಾಹುಕಾಲ ಅಂದ. ಹುಡುಗಿ ಮೊದಲ ಸಲ ಕಲಿಯಲು ಹೊರಟಿದ್ದಾಳೆ, ರಾಹುಕಾಲ ಮುಗಿಯಲಿ ಅಂದ. ಮುಗಿಯುವಷ್ಟರಲ್ಲಿ ರೈಲು ಹೋಗಿತ್ತು. ಉಳಿದದ್ದು ಫಟಫಟಿ ಒಂದೇ. ಈಗ ಹೊರಟರೆ ಊಟದ ಗಂಟೆಯೊಳಗೆ ಮುಟ್ಟಬಹುದು. ಅಪ್ಪ ಟ್ರಂಕನ್ನು ಹಗ್ಗದಿಂದ ಬಿಗಿದು ಗಾಡಿಯನ್ನು ಬಾಗಿಲ ಮುಂದೆ ತಂದು ನಿಲ್ಲಿಸಿದ.

ಆಗ ದೊಡ್ಡ ಮುತ್ಯಾ ತನ್ನ ಕೋಲನ್ನು ನೆಲಕ್ಕೆ ಊರಿ, ಬಹಳ ಮೆಲ್ಲಗೆ, ಅವ್ವನ ಕಡೆ ತಿರುಗಿ ಹೇಳಿದ. "ಕೂಸು ಕಲಿಯಾಕ ಹೊಂಟೈತಿ. ನೀಲವ್ವ ಒಂದೀಟ ಒಳಗ ಇರ್ಲಿ, ಆತಿಲ್ಲೋ?" ಹೇಳುವ ಅಗತ್ಯವೇ ಇರಲಿಲ್ಲ. ನೀಲತ್ತಿ ಆಗಲೇ ಅಡಿಗೆಮನೆಯಲ್ಲಿದ್ದಳು, ನಮ್ಮ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಮಾತ್ರ ಒಂದು ಗಳಿಗೆ ನಿಂತಿತು.

ಅಪ್ಪ ಗಾಡಿಯ ಮೇಲೆ ಕೂತ. ಕಿಕ್ ಹೊಡೆಯಲಿಲ್ಲ.

"ಹೊರಡಪಾ ಇನ್ನ" ಎಂದ ದೊಡ್ಡ ಮುತ್ಯಾ.

"ಗಾಳಿ ನೋಡಿಲ್ಲ ದೊಡ್ಡಪ್ಪಾ."

"ನೋಡಿಕೋ ಮತ್ತ. ಯಾರ ಬ್ಯಾಡ ಅಂದಾರ?"

"ನನಗ ಬರಂಗಿಲ್ಲರಿ."

ಊರ ತುಂಬ ಗಾಡಿ ಓಡಿಸುವ ಮನುಷ್ಯ, ಮಗುವಿನ ಹಾಗೆ ಸುಳ್ಳು ಹೇಳಿ ಎದುರಿನ ಗೋಡೆ ನೋಡುತ್ತ ಕೂತುಬಿಟ್ಟ. ಹಿರಿಯರ ಮಾತು ಮೀರುವ ಧೈರ್ಯ ಅವನಿಗಿರಲಿಲ್ಲ, ಅಕ್ಕನನ್ನು ಬಿಟ್ಟು ಹೊರಡುವ ಮನಸ್ಸೂ ಇರಲಿಲ್ಲ. ಬಿಸಿಲು ಕಟ್ಟೆ ಹತ್ತುತ್ತಿತ್ತು. "ಅಕ್ಕಾ" ಎಂದು ಒಮ್ಮೆ ಕೂಗಿದ. ಒಳಗಿನಿಂದ ಉತ್ತರ ಬಂತು. "ಇವತ್ತ ಒಂದಿನ ನೀನ ನೋಡಿಕೋ ತಮ್ಮಾ. ಜಲ್ದಿ ಹೋಗ್ರಿ, ಹೊತ್ತಾತು." ನಾನು ಅಡಿಗೆಮನೆಗೆ ಓಡಿದೆ. ಅವಳು ಅವ್ವನ ಕೈ ಹಿಡಿದು ಪಿಸುಗುಡುತ್ತಿದ್ದಳು, "ತಮ್ಮಗಾದ್ರ ನಾ ಏನೂ ಅನ್ಕೊಳ್ಳುದಿಲ್ಲವಾ. ಇದು ಕೂಸು. ದಾರ್ಯಾಗ ಏನರ ಆದ್ರ, ಶಾಲಿಯಾಗ ಬ್ಯಾಡ ಅಂದ್ರ, ನನ್ನಿಂದ ಆತು ಅಂತ ನಾ ಸಾಯೂತನಕ ಅನ್ಕೋತೀನಿ." ದೊಡ್ಡ ಮುತ್ಯಾ ಹೇಳಿದ್ದನ್ನು ಅವಳು ನಂಬಿದ್ದಳು. ನನ್ನ ವಿಷಯದಲ್ಲಿ ಮಾತ್ರ ನಂಬಿದ್ದಳು, ಅಷ್ಟು ಪ್ರೀತಿ. ಹೊರಗೆ ಅಪ್ಪ ಹಟ ಹಿಡಿದು ಕೂತಿದ್ದ, ಒಳಗೆ ಇವಳು ಹೆದರಿ ಕೂತಿದ್ದಳು, ಹುಬ್ಬಳ್ಳಿಯಲ್ಲಿ ಗಡಿಯಾರ ನಡೆಯುತ್ತಿತ್ತು.

ಅವ್ವ ಗೂಟಕ್ಕೆ ತೂಗಿದ್ದ ಚೀಲದಿಂದ ಗಾಳಿಪೆನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ನೀನ ನೋಡು ಹೋಗು. ದಿನಾ ಕುಂತ ನೋಡ್ತಿಯಲ್ಲ." ನಾನು ಹೊಸ ಫ್ರಾಕನ್ನು ಮುದುಡಿಕೊಂಡು ಹಿಂದಿನ ಗಾಲಿಯ ಮುಂದೆ ಕೂತೆ. ವಾಲಿನ ಟೊಪ್ಪಿಗೆ ತೆಗೆದು, ಅತ್ತಿಯ ಹಾಗೆ ಮುಖ ಗಂಭೀರ ಮಾಡಿ, ಪೆನ್ನನ್ನು ಒತ್ತಿದೆ. ಓರೆಯಾಗಿ ಒತ್ತಿದೆನೋ ಏನೋ, ಕಡ್ಡಿ ಹೊರಬರಲೇ ಇಲ್ಲ. ಛುಸ್ಸ್ಸ್ ಎಂದು ಗಾಳಿ ಪಕ್ಕದಿಂದ ಹೊರಟಿತು. ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಜೋರಾಗಿ ಹೊರಟಿತು.

"ಏನ ಸಪ್ಪಳದು? ಹಾವ ಹೊಕ್ಕೈತೇನ?" ಎಂದು ದೊಡ್ಡ ಮುತ್ಯಾ ಕೋಲು ಎತ್ತಿಕೊಂಡ.

ಅಡಿಗೆಮನೆಯಿಂದ ಒಂದು ದನಿ ಬಂತು. "ನೆಟ್ಟಗ ಹಿಡಿ, ನೆಟ್ಟಗ!" ನಾನು ಗಾಬರಿಯಾಗಿ ಪೆನ್ನನ್ನು ಇನ್ನೊಂದು ಕಡೆ ಓರೆ ಮಾಡಿದೆ. ಛುಸ್ಸ್ಸ್. ಟ್ರಂಕಿನ ಭಾರಕ್ಕೆ, ಅಪ್ಪನ ಭಾರಕ್ಕೆ ಗಾಲಿ ಕಣ್ಣೆದುರಿಗೇ ಕುಸಿಯತೊಡಗಿತು. "ಹೋತಲೇ, ಹೋತು, ಪೂರಾ ಹೋತು!" ಎನ್ನುತ್ತ ನೀಲತ್ತಿ ಕೈತುಂಬ ಜೋಳದ ಹಿಟ್ಟಿನೊಂದಿಗೆ ಪಡಸಾಲೆ ದಾಟಿ, ಆಯಿಯನ್ನು ದಾಟಿ, ದೊಡ್ಡ ಮುತ್ಯಾನ ಕೋಲಿನ ಕೆಳಗೇ ನುಗ್ಗಿ ಬಂದು ನನ್ನ ಭುಜ ಹಿಡಿದು ಆಚೆ ಸರಿಸಿದಳು. "ಹಿಂಗ ಹಿಡೀತಾರೇನ? ಎಷ್ಟ ಸಲ ತೋರಿಸಿನಿ! ತಲಿಯಾಗ ಏನೈತಿ, ಹತ್ತಿಕಾಳ?" ಪಂಪು ಜಗ್ಗಿ ತಂದು ಕಾಲಲ್ಲಿ ಒತ್ತಿ ಹಿಡಿದು ಹೊಡೆಯಲು ಶುರುಮಾಡಿದಳು. ಒಂದಷ್ಟು ಹೊಡೆದು ಪೆನ್ನು ಒತ್ತಿದಳು. ಒತ್ತಿ, ಕಡ್ಡಿಯನ್ನು ಬೆಳಕಿಗೆ ಹಿಡಿದವಳು ಆಗ ತಲೆ ಎತ್ತಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ತಾನು ಎಲ್ಲಿ ಕೂತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಆಮೇಲೆ ಎಲ್ಲರೂ ನಾನು ಬೇಕಂತಲೇ ಹಾಗೆ ಮಾಡಿದೆನೆಂದು ಹೊಗಳುತ್ತಿದ್ದರು. ಇಲ್ಲ, ನಾನು ಅಷ್ಟು ಜಾಣೆಯಲ್ಲ, ಆ ಪೆನ್ನು ಹಿಡಿಯಲು ನನಗೆ ನಿಜಕ್ಕೂ ಬರುತ್ತಿರಲಿಲ್ಲ. ಅವ್ವನಿಗೆ ಅದು ಗೊತ್ತಿತ್ತೋ ಏನೋ.

ಅಪ್ಪ ಗೋಡೆಯಿಂದ ಕಣ್ಣು ತೆಗೆಯದೆ ಕೇಳಿದ. "ಎಷ್ಟೈತಕ್ಕಾ?"

ಅವಳು ಕಡ್ಡಿಯ ಕಡೆಗೆ ಮತ್ತೆ ಕಣ್ಣು ಇಳಿಸಿದಳು. "ಇಪ್ಪತ್ತೆರಡು. ಹಿಂದ ಕೂಸ ಕುಂಡ್ರತೈತಿ, ಟ್ರಂಕ ಬ್ಯಾರೆ. ಇನ್ನೊಂದೀಟ ಬೇಕು."

ದೊಡ್ಡ ಮುತ್ಯಾ ಬಾಯಿ ತೆರೆದ. ಅಷ್ಟರಲ್ಲಿ ಆಯಿ, ಇಷ್ಟು ವರ್ಷ ಈ ವಿಷಯದಲ್ಲಿ ಹೌದೂ ಅನ್ನದ, ಅಲ್ಲವೂ ಅನ್ನದ ಆಯಿ, ಎಲೆಯಡಿಕೆಯನ್ನು ಕೆನ್ನೆಯ ಈ ಕಡೆಯಿಂದ ಆ ಕಡೆಗೆ ಸರಿಸಿ ಅಂದಳು, "ಹೊಡಿ ಹಂಗಾರ. ಯಾಕ ಕುಂತಿ? ಕೂಸಿಗೆ ಹೊತ್ತಾತು."

ಅವಳು ಹೊಡೆದಳು. ಅಪ್ಪ ಕಿಕ್ ಹೊಡೆದ. ಆ ದಿನ ಅವಳಿಗೆ ಎದ್ದು ಒಳಗೆ ಹೋಗುವಷ್ಟು ಸಮಯ ಯಾರೂ ಕೊಡಲಿಲ್ಲ. ನಾನು ಅಪ್ಪನ ಸೊಂಟ ಹಿಡಿದು ತಿರುಗಿ ನೋಡುವಾಗ ಹಿಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು.

ಹುಬ್ಬಳ್ಳಿಗೆ ಊಟದ ಗಂಟೆಗೆ ಸ್ವಲ್ಪ ಮೊದಲು ಮುಟ್ಟಿದೆವು. ಮದರ್ ನನ್ನ ಕಪ್ಪು ನೀಲಿ ಫ್ರಾಕಿನ ಭುಜದ ಮೇಲೆ ಮೂಡಿದ್ದ ಬಿಳಿ ಹಸ್ತವನ್ನು ಕುತೂಹಲದಿಂದ ನೋಡಿದರು. ಇಂಗ್ಲಿಷಿನಲ್ಲಿ ಅಂಕಿ ಎಣಿಸಲು ಬರುತ್ತದೆಯೇ ಎಂದು ಕೇಳಿದರು. ನಾನು ಕೈ ಕಟ್ಟಿ ನಿಂತು, ಗಟ್ಟಿ ದನಿಯಲ್ಲಿ "ಟೆನ್, ಟ್ವೆಲ್ವ್, ಫೋರ್ಟೀನ್, ಸಿಕ್ಸ್ಟೀನ್, ಏಟೀನ್" ಎಂದು ಹೊರಟೆ. ಗಾಳಿಪೆನ್ನಿನ ಕಡ್ಡಿಯ ಮೇಲೆ ಇದ್ದುದೇ ಆ ಅಂಕಿಗಳು, ನಡುವಿನವು ಬರೀ ಗೆರೆ. ಮದರ್ ಕನ್ನಡಕ ಸರಿಮಾಡಿಕೊಂಡು, ನಡುವೆ ಬೇರೆ ಅಂಕಿಗಳಿಲ್ಲವೇ ಮಗೂ ಎಂದು ಕೇಳಿದರು. ಇಲ್ಲ, ಅವು ಸಣ್ಣ ಗೆರೆ ಮಾತ್ರ ಎಂದೆ. ಹತ್ತರ ಕೆಳಗೆ? ಹತ್ತರ ಕೆಳಗೆ ಇಳಿದರೆ ಗಾಡಿ ಹೊರಡಂಗಿಲ್ಲರಿ ಎಂದೆ. ಅವರು ನಕ್ಕರು. ನಗುವ ಸಿಸ್ಟರನ್ನು ನಾನು ನೋಡಿದ್ದು ಅದೇ ಮೊದಲು. ಅಡ್ಮಿಷನ್ ಆಯಿತು. ಶಾಲೆ ಶುರುವಾಗಲು ಇನ್ನೂ ವಾರವಿದ್ದುದರಿಂದ ಟ್ರಂಕನ್ನು ಅಲ್ಲಿಯೇ ಬಿಟ್ಟು ಸಂಜೆಗೆ ಬೆಟಗೇರಿಗೆ ಮರಳಿದೆವು. ಓಣಿಯ ತಿರುವಿನಲ್ಲಿ ನೀಲತ್ತಿ ನಿಂತಿದ್ದಳು. ಮುಂಜಾನೆಯಿಂದ ಒಂದು ತುತ್ತು ಮುಟ್ಟಿರಲಿಲ್ಲವಂತೆ. ನನ್ನನ್ನು ಗಾಡಿಯಿಂದ ಇಳಿಸಿ, ಕೈ ಕಾಲು ಮುಟ್ಟಿ ಮುಟ್ಟಿ ನೋಡಿ, "ಏನಂದ್ರ?" ಎಂದಳು. ತೊಗೊಂಡರು ಅಂದೆ. ಅವಳು ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತು, ಮುಂಜಾನೆಯ ತಣ್ಣನೆಯ ರೊಟ್ಟಿಯನ್ನು ಪುಂಡಿಪಲ್ಯದ ಜೊತೆ ಗಬಗಬ ತಿಂದಳು. ಅಪ್ಪ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಕಣ್ಣಿಗೆ ಧೂಳು ಬಿತ್ತೆಂದು ಅವ್ವನ ಹತ್ತಿರ ಹೇಳಿದ.

ದೊಡ್ಡ ಮುತ್ಯಾ ಬದಲಾಗಲಿಲ್ಲ. ಮರುದಿನ ಲಕ್ಷ್ಮೇಶ್ವರಕ್ಕೆ ಫಟಫಟಿಯ ಮೇಲೆ ಬಿಡುತ್ತೇನೆಂದು ಅಪ್ಪ ಅಂದರೂ ಕೇಳದೆ ಬಸ್ಸಿಗೇ ಹೋದ, ಕೊನೆಯತನಕ ಬಸ್ಸಿಗೇ ಬಂದ, ಲಾಡು ತರುವುದನ್ನೂ ಬಿಡಲಿಲ್ಲ. ಓಣಿಯೂ ಅಂಥದ್ದೇನೂ ಬದಲಾಗಲಿಲ್ಲ. ಆದರೆ ಪ್ರತಿ ರಜೆ ಮುಗಿದು ನಾನು ಕಾನ್ವೆಂಟಿಗೆ ಹೊರಟಾಗ ನೀಲತ್ತಿ ಗಾಳಿ ನೋಡಿ, ಎದ್ದು, ಅಲ್ಲಿಯೇ ನಿಲ್ಲುತ್ತಿದ್ದಳು. ಒಳಗೆ ಹೋಗುತ್ತಿರಲಿಲ್ಲ. ಕಾನ್ವೆಂಟು ನನಗೆ ಬಹಳ ಕೊಟ್ಟಿತು. ಡಿಸಿಪ್ಲಿನ್ ಕೊಟ್ಟಿತು, ಇಂಗ್ಲಿಷ್ ಕೊಟ್ಟಿತು, ಫೋರ್ಕಿನಲ್ಲಿ ತಿನ್ನುವುದನ್ನು ಕಲಿಸಿತು. ಗ್ರ್ಯಾಟಿಟ್ಯೂಡ್ ಎಂಬ ಶಬ್ದದ ಸ್ಪೆಲ್ಲಿಂಗ್ ಕೂಡ ಅಲ್ಲಿಯೇ ಕಲಿತೆ. ಆ ಶಬ್ದಕ್ಕೆ ನನಗೆ ಇಂದಿಗೂ ಒಂದು ಮುಖವಿದೆ, ವಿಭೂತಿ ಹಚ್ಚಿದ ಮುಖ.

ಕಾಲ ತನ್ನ ಕೆಲಸ ಮಾಡಿತು. ಆಯಿ ಹೋದಳು, ಅಡತಿ ಅಂಗಡಿ ಪಾಲಾಯಿತು, ಅಪ್ಪನಿಗೆ ಮೊಣಕಾಲು ನೋವು ಬಂದು ಫಟಫಟಿಯನ್ನು ಯಾರೋ ತೂಕಕ್ಕೆ ಕೊಂಡುಹೋದರು. ಆಮೇಲೆ ಅಪ್ಪ ಹೋದ, ಅವನ ಹಿಂದೆಯೇ ಅವ್ವ. ಮನೆಯ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ, ಕೆಳಗೆ ಮೊಬೈಲ್ ಅಂಗಡಿ. ಮಗ್ಗದ ಸಪ್ಪಳವೂ ಕಡಿಮೆಯಾಗಿದೆ. ನಾನು ಮದುವೆಯಾಗಿ ಮುಂಡರಗಿಗೆ ಬಂದೆ, ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದೆ. ಒಳ್ಳೆಯ ಮನುಷ್ಯ ನಮ್ಮ ಯಜಮಾನರು, ನಗಿಸುತ್ತಿದ್ದರು. ಒಂದು ಚಳಿಗಾಲದಲ್ಲಿ ಎದೆನೋವೆಂದು ಕೂತವರು ಏಳಲಿಲ್ಲ.

ಸುದ್ದಿ ಕೇಳಿ ನೀಲತ್ತಿ ಬೆಟಗೇರಿಯಿಂದ ಒಬ್ಬಳೇ ಬಸ್ಸು ಹತ್ತಿ ಬಂದಳು. ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ನನ್ನ ಜೊತೆ ಇದ್ದಳು, ಅಡಿಗೆ ಮಾಡಿದಳು, ನಾನು ಅತ್ತಾಗ ಅಳಲು ಬಿಟ್ಟಳು. ರಜೆ ಮುಗಿದು ನಾನು ಶಾಲೆಗೆ ಮರಳಬೇಕಾದ ದಿನ ಬಂತು. ಸೀರೆ ಉಟ್ಟು, ಬ್ಯಾಗು ಹಿಡಿದು, ಬಾಗಿಲು ತೆರೆದವಳು ಹೊರಗೆ ಕಾಲಿಡದೆ ನಿಂತುಬಿಟ್ಟೆ. ಎದುರುಮನೆಯ ಹುಡುಗಿ ಶೋಭಾ ಅದೇ ಹೊತ್ತಿಗೆ ಮೆಟ್ಟಿಲಿಳಿಯುತ್ತಿದ್ದಳು. ಕೈಯಲ್ಲಿ ಪ್ಯಾಡು, ಹಣೆಯಲ್ಲಿ ಗುಡಿಯಿಂದ ತಂದ ಅಂಗಾರದ ಬೊಟ್ಟು. ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳ ಅವ್ವ ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದಳು. ನಾನು ಬಾಗಿಲ ಹಿಂದೆ ಸರಿದೆ. ಎಜುಕೇಟೆಡ್ ಹೆಂಗಸು, ಮಕ್ಕಳಿಗೆ ಪಾಠ ಹೇಳುವವಳು, ಯಾರೂ ಹೇಳದೆಯೇ ಸರಿದೆ. ಹೇಗೆ ಸರಿಯಬೇಕೆಂದು ನನ್ನ ಕಾಲಿಗೆ ಗೊತ್ತಿತ್ತು.

ಹಿಂದಿನಿಂದ ನೀಲತ್ತಿ ಬಂದಳು. "ಯಾಕ ನಿಂತಿ?"

"ಆ ಹುಡುಗಿ ಹೋಗ್ಲಿ ಅತ್ತಿ. ಪರೀಕ್ಷಾ ಐತಿ ಆಕಿದು. ಆಮ್ಯಾಲ ಹೋಗ್ತೀನಿ."

ಅವಳು ಮಂಜುಗಣ್ಣಿನಿಂದ ನನ್ನ ಮುಖವನ್ನು ನೋಡಿದಳು. ಆಮೇಲೆ ನನ್ನನ್ನು ಬಳಸಿಕೊಂಡು ತಾನೇ ಹೊರಗೆ ಹೋದಳು. ಗೋಡೆ ಹಿಡಿದು ಮೆಟ್ಟಿಲಿಳಿದು, ಓಣಿಯ ನಟ್ಟನಡುವೆ ಹೋಗಿ ನಿಂತಳು. "ಏ ತಂಗೀ, ಇವತ್ತ ಎದರ ಪರೀಕ್ಷಾ?"

ಶೋಭಾ ಅವ್ವನ ಕಡೆ ಒಮ್ಮೆ ನೋಡಿದಳು. "ಇಂಗ್ಲಿಷ್ ಐತ್ರಿ ಅಜ್ಜಿ."

"ಇಂಗ್ಲಿಷ್ ಇದ್ರ ಈಕಿ ಮಾರಿ ನೋಡದ ಹೆಂಗ ಹೊಂಟಿ? ಬಾ ಇಲ್ಲೆ. " ಆಮೇಲೆ ನನ್ನ ಕಡೆ ತಿರುಗಿ, "ನೀನೂ ಹೊರಗ ಬಾರ, ಬಾಗಲಾ ಹಿಡಕೊಂಡ ಏನ ನಿಂತಿ? ನೀ ಮೊದಲ ಹೊಂಟ ದಿನ ನಾ ಎದುರಿಗೆ ಇದ್ನಿ. ಏನಾತು ನಿನಗ? ಶಾಲಿ ತಪ್ಪಿತೇನ?"

ನಾನು ಬಂದೆ. ಶೋಭಾ ನಕ್ಕು, ನಾಲಿಗೆ ಕಚ್ಚಿ, "ಟೀಚರ್, ಆ್ಯಕ್ಟಿವ್ ಪ್ಯಾಸಿವ್ ಬರ್ತೈತೇನ್ರಿ ಇವತ್ತ?" ಎಂದಳು. ಬಂದೇ ಬರುತ್ತದೆ, ಅವಸರ ಮಾಡಬೇಡ, ಎರಡು ಸಲ ಓದಿ ಬರೆ ಎಂದೆ. ನನ್ನ ದನಿ ನನಗೇ ಬಹಳ ದಿನದ ಮೇಲೆ ಕೇಳಿದ ಹಾಗಾಯಿತು. ಅವಳು ಆ ಕಡೆ ಹೋದಳು, ನಾನು ಈ ಕಡೆ ಹೊರಟೆ. ಓಣಿಯ ತುದಿಯಲ್ಲಿ ತಿರುಗಿ ನೋಡಿದೆ. ನೀಲತ್ತಿ ನಡುಬೀದಿಯಲ್ಲಿಯೇ ನಿಂತಿದ್ದಳು, ಬಿಸಿಲಿಗೆ ಕೈಯನ್ನು ಹಣೆಗೆ ಅಡ್ಡ ಹಿಡಿದು. ಹಾಲಿನವನ ಸೈಕಲ್ಲು ಅವಳನ್ನು ಬಳಸಿಕೊಂಡು ಹೋಯಿತು, ಒಂದು ಟಾಂಗಾ ಬಳಸಿಕೊಂಡು ಹೋಯಿತು. ಅವಳು ಸರಿಯಲಿಲ್ಲ.